ಸಕ್ಕರೆ ನಾರ್ಮಲ್, ಎಚ್‌ಬಿಎ1ಸಿ ಮಾತ್ರ 9.4: ಯಾವುದನ್ನು ನಂಬಬೇಕು?

ನಿಮ್ಮ ತಾಯಿಗೆ ಖಾಲಿ ಹೊಟ್ಟೆಯಲ್ಲಿ 94, ಊಟವಾಗಿ ಎರಡು ಗಂಟೆಗೆ 128. ಮನೆಯ ಗ್ಲುಕೋಮೀಟರ್‌ನಲ್ಲೂ 150 ದಾಟಿಲ್ಲ. ಆದರೂ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಟೆಸ್ಟ್‌ನಲ್ಲಿ 9.4 ಬಂದಿದೆ, ಮಾತ್ರೆ ಜಾಸ್ತಿ ಮಾಡುವ ಮಾತು ನಡೆದಿದೆ ಅಂತ ಬರೆದಿದ್ದೀರಿ. ನಾನು ಲ್ಯಾಬ್‌ನಲ್ಲಿ ಇದೇ ಟೆಸ್ಟ್ ಮಾಡುವವನು. ನನಗೆ ಅನುಮಾನ ಬರುವುದು ಎಚ್‌ಬಿಎ1ಸಿ ಮೇಲೆಯೇ. 9.4 ಅಂದರೆ ಸರಾಸರಿ ಸಕ್ಕರೆ ಸುಮಾರು 223 ಇರಬೇಕು. ತಾಳೆ ಆಗುವುದೇ ಇಲ್ಲ, ಅಲ್ವಾ?

ಕಬ್ಬಿಣದ ಕೊರತೆಯಿಂದಲೂ ಈ ಅಂಕಿ ಏರಬಹುದು, ಅದನ್ನೂ ನೋಡಿಸಿ. ಆದರೆ ಇಷ್ಟು ದೊಡ್ಡ ಅಂತರಕ್ಕೆ ಹಿಮೋಗ್ಲೋಬಿನ್ನೇ ಬೇರೆ ಬಗೆಯದ್ದಾಗಿರಬಹುದು.

ಹಲವು ಲ್ಯಾಬ್‌ಗಳಲ್ಲಿ ಈ ಟೆಸ್ಟ್ ಮಾಡುವುದು ಎಚ್‌ಪಿಎಲ್‌ಸಿ ಮೆಷಿನ್‌ನಲ್ಲಿ. ರಕ್ತದ ಹಿಮೋಗ್ಲೋಬಿನ್ನನ್ನು ಕಾಲಮ್ ಅನ್ನುವ ಕೊಳವೆಯಲ್ಲಿ ಹಾಯಿಸಿ ಬೇರ್ಪಡಿಸುವ ಈ ಮೆಷಿನ್ ಸಕ್ಕರೆಯನ್ನು ನೇರವಾಗಿ ನೋಡುವುದಿಲ್ಲ. ಸಕ್ಕರೆ ಅಂಟಿದ ಹಿಮೋಗ್ಲೋಬಿನ್ನಿನ ವಿದ್ಯುದಂಶ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಅದು ಕಾಲಮ್‌ನಿಂದ ಬೇಗ ಹೊರಬರುತ್ತದೆ. ಆ ಹೊತ್ತಿಗೆ ಬಂದದ್ದನ್ನೆಲ್ಲ ಮೆಷಿನ್ ಎಚ್‌ಬಿಎ1ಸಿ ಅಂತಲೇ ಎಣಿಸುತ್ತದೆ. ಹುಟ್ಟಿನಿಂದಲೇ ವಿದ್ಯುದಂಶ ಬೇರೆ ಇರುವ ಹಿಮೋಗ್ಲೋಬಿನ್ ಅದೇ ಹೊತ್ತಿಗೆ ಬಂದರೆ ಅದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಹಿಮೋಗ್ಲೋಬಿನ್ ರಾಲೀ ಅನ್ನುವ ಅಪರೂಪದ ಬಗೆ ಹೀಗೆಯೇ. ಅದರ ಬೀಟಾ ಅನ್ನುವ ಪ್ರೋಟೀನ್ ಸರಪಳಿಯ ಮೊದಲ ಕೊಂಡಿಯಲ್ಲಿ ವ್ಯಾಲೀನ್ ಅನ್ನುವ ಅಮೈನೊ ಆಮ್ಲದ ಬದಲು ಅಲನೀನ್ ಇದ್ದು, ಅದಕ್ಕೆ ಅಸಿಟೈಲ್ ಅನ್ನುವ ಪುಟ್ಟ ರಾಸಾಯನಿಕ ಗುಂಪು ಅಂಟಿ ವಿದ್ಯುದಂಶ ಬದಲಾಗಿರುತ್ತದೆ. ಸಕ್ಕರೆ ಇಲ್ಲದೆಯೇ ಸಕ್ಕರೆ ಅಂಟಿದಂತೆ ಕಾಣುತ್ತದೆ.

ಅಸ್ಸಾಂ, ಬಂಗಾಳದ ಕಡೆಯ ಹಿಮೋಗ್ಲೋಬಿನ್ ಇ, ಪಂಜಾಬಿನ ಡಿ, ನಮ್ಮಲ್ಲಿ ಸೋಲಿಗರು, ಜೇನು ಕುರುಬರಲ್ಲಿ ಕಾಣುವ ಸಿಕಲ್ ಇವೆಲ್ಲ ಅಷ್ಟು ಅಪರೂಪವಲ್ಲ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಇಂಥ ಜೀನ್ ಬಂದವರಲ್ಲಿ ಈಗಿನ ಹಲವು ಮೆಷಿನ್‌ಗಳು ಇವನ್ನು ಬೇರೆಯಾಗಿಯೇ ತೋರಿಸುತ್ತವೆ. ಆದರೆ ಸಿಕಲ್ ಜೀನ್ ಎರಡೂ ಕಡೆಯಿಂದ ಬಂದವರಿಗೆ ಈ ಟೆಸ್ಟ್ ಪ್ರಯೋಜನವಿಲ್ಲ. ಅವರ ಕೆಂಪು ಕಣಗಳು ಎಲ್ಲರಂತೆ ಸುಮಾರು 120 ದಿನ ಬಾಳುವುದೇ ಇಲ್ಲ, ಸಕ್ಕರೆ ಅಂಟಲು ಅಷ್ಟು ಕಾಲವೇ ಸಿಗುವುದಿಲ್ಲ.

ಲ್ಯಾಬ್‌ಗೆ ಹೋಗಿ ಯಾವ ವಿಧಾನದಲ್ಲಿ ಮಾಡಿದರು ಅಂತ ಕೇಳಿ, ಗ್ರಾಫ್ ಪ್ರಿಂಟ್ ತೆಗೆದುಕೊಳ್ಳಿ. ಬೊರೊನೇಟ್ ಅಫಿನಿಟಿ ವಿಧಾನದಲ್ಲಿ ಮತ್ತೆ ಮಾಡಿಸಿ. ಅದು ಅಂಟಿದ ಸಕ್ಕರೆಯನ್ನೇ ಹಿಡಿಯುತ್ತದೆ. ಜೊತೆಗೆ ರಕ್ತದ ಇತರ ಪ್ರೋಟೀನ್‌ಗಳಿಗೆ ಅಂಟಿದ ಸಕ್ಕರೆ ಅಳೆಯುವ ಫ್ರಕ್ಟೋಸಮೀನ್ ಟೆಸ್ಟ್ ಮಾಡಿಸಿ. ಅದಕ್ಕೂ ಹಿಮೋಗ್ಲೋಬಿನ್‌ಗೂ ಸಂಬಂಧವಿಲ್ಲ, ಹಿಂದಿನ ಎರಡು ಮೂರು ವಾರದ ಸಕ್ಕರೆ ತಿಳಿಯುತ್ತದೆ.

ನನ್ನ ನಿಜವಾದ ಭಯ ಮಾತ್ರೆಯದ್ದು. ಆ 9.4 ನೋಡಿ ಡೋಸ್ ಏರಿಸಿದರೆ ಅಮ್ಮನಿಗೆ ಸಕ್ಕರೆ ತೀರಾ ಇಳಿದುಬಿಡಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಮನೆಯ ರೀಡಿಂಗ್‌ಗಳನ್ನೆಲ್ಲ ಬರೆದುಕೊಂಡು ಡಾಕ್ಟರ್ ಮುಂದಿಡಿ, ಈ ಅನುಮಾನವನ್ನೂ ಹೇಳಿ. ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ನೋಡಿ. ಅಮ್ಮನಿಗೆ ಬೇರೆ ಬಗೆಯ ಹಿಮೋಗ್ಲೋಬಿನ್ ಇದೆ ಅಂತ ಖಚಿತವಾದರೆ, ಅದು ವಂಶದಲ್ಲಿ ಬರುವಂಥದ್ದು, ಹಾಗಾಗಿ ನೀವೂ ನಿಮ್ಮ ಒಡಹುಟ್ಟಿದವರೂ ಎಚ್‌ಬಿಎ1ಸಿ ಮಾಡಿಸುವಾಗ ಲ್ಯಾಬ್‌ನವರಿಗೆ ಮೊದಲೇ ತಿಳಿಸಿ.