ಕರ್ನಾಟಕದಲ್ಲಿ ಮದ್ಯ ಕೊಳ್ಳುವ ವಯಸ್ಸು 18ಕ್ಕೆ ಇಳಿದಿದೆಯೇ?

ಇಲ್ಲ. 2023ರ ಜನವರಿಯಲ್ಲಿ 21ರಿಂದ 18ಕ್ಕೆ ಇಳಿಸುವ ಕರಡು ಹೊರಬಂದಿತ್ತು. ಸಾರ್ವಜನಿಕರಿಂದ ತೀವ್ರ ಆಕ್ಷೇಪಣೆ ಬಂದದ್ದರಿಂದ ಅದೇ ತಿಂಗಳು ಸರ್ಕಾರ ಅದನ್ನು ಕೈಬಿಟ್ಟಿತು.

ಗೊಂದಲದ ಮೂಲ ಎರಡು ಬರಹಗಳಲ್ಲಿದೆ. ಶಾಸನಸಭೆ ಅಂಗೀಕರಿಸಿದ 1965ರ ಕರ್ನಾಟಕ ಅಬಕಾರಿ ಕಾಯ್ದೆಯು 18 ತುಂಬದವರಿಗೆ ಮದ್ಯ ಮಾರುವುದನ್ನು ಅಪರಾಧವೆನ್ನುತ್ತದೆ. ಆ ಕಾಯ್ದೆಯ ಅಡಿಯಲ್ಲಿ ಸರ್ಕಾರವೇ ರೂಪಿಸಿದ 1967ರ ಸನ್ನದು ನಿಯಮಗಳು, ಅಂದರೆ ಅಂಗಡಿಗೆ ಪರವಾನಗಿ ಕೊಡುವಾಗ ವಿಧಿಸುವ ಷರತ್ತುಗಳು, 21 ತುಂಬದವರಿಗೆ ಮಾರಬಾರದೆನ್ನುತ್ತವೆ. ಆದ್ದರಿಂದ ವೈನ್ ಸ್ಟೋರ್‌ನ ಕಂಬಿಯ ಸಂದಿನಿಂದ ಹತ್ತೊಂಬತ್ತರ ಹುಡುಗನೊಬ್ಬ ನೋಟು ಚಾಚಿದಾಗ ಬಾಟಲಿ ಕೊಟ್ಟವನು ಕಾಯ್ದೆಯ ವಯೋಮಿತಿಯನ್ನು ಮೀರದಿದ್ದರೂ ತನ್ನ ಸನ್ನದಿನ ಷರತ್ತನ್ನು ಮುರಿದಂತಾಗುತ್ತದೆ. ವ್ಯವಹಾರದಲ್ಲಿ 21 ಎಂದೇ ತಿಳಿಯಬೇಕು.

ಈ ವ್ಯತ್ಯಾಸವನ್ನು ಸರಿಪಡಿಸಲೆಂದೇ ಕರಡು ಬಂದಿತ್ತು. ಮತ ಹಾಕಬಲ್ಲವರಿಗೆ ಇದೂ ಅವರ ಆಯ್ಕೆಯಾಗಲಿ ಎಂಬ ವಾದದಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ವಿವೇಚನೆಯನ್ನೂ ಆವೇಗದ ಹಿಡಿತವನ್ನೂ ನೋಡಿಕೊಳ್ಳುವ ಮೆದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ನಿಯಮವನ್ನು ಇಳಿಸುವುದಕ್ಕಿಂತ ಕಾಯ್ದೆಯನ್ನೇ 21ಕ್ಕೆ ಏರಿಸಿ ಎರಡನ್ನೂ ಹೊಂದಿಸುವುದು ಸರಿಯೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಅಧಿಸೂಚನೆ ಸಾಲದು, ಶಾಸನಸಭೆಯಲ್ಲಿ ತಿದ್ದುಪಡಿಯಾಗಬೇಕು.