ಹಸಿರು ಪಟ್ಟೆಯ ಜೆರ್ಸಿ

ಪ್ರಶ್ನೆ: ನನ್ನ ಮಗ ಉತ್ತರ ಐರ್ಲೆಂಡಿನ ಸಣ್ಣ ಪಟ್ಟಣವೊಂದರ ಆಸ್ಪತ್ರೆಯಲ್ಲಿ ನರ್ಸ್ ಆಗಿ ಸೇರಿ ಆರು ತಿಂಗಳಾಯಿತು. ಕಳೆದ ತಿಂಗಳು ಹಳೆಯ ಬಟ್ಟೆಯಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿದ ಹಸಿರು–ಬಿಳಿ ಅಡ್ಡಪಟ್ಟೆಯ ಜೆರ್ಸಿ ತೊಟ್ಟು ಹಾಲು ತರಲು ಹೋಗಿದ್ದಾಗ, ದಿನವೂ ನಗುತ್ತಿದ್ದ ಗಲ್ಲಾದ ಹುಡುಗ ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ತಳ್ಳಿದನಂತೆ. ಹೊರಗೆ ಇಬ್ಬರು ಬೈದರಂತೆ. ಆಗ ವಯಸ್ಸಾದ ಹೆಂಗಸೊಬ್ಬರು ಹತ್ತಿರ ಬಂದು, “ಮಗಾ, ಅದು ಕಾಣದ ಹಾಗೆ ಕೋಟಿನ ಜಿಪ್ ಎಳೆದುಕೋ” ಎಂದರಂತೆ. ನಾವು ಕ್ರೈಸ್ತರೇ ಅಲ್ಲ. ಒಂದು ಬಣ್ಣದ ಮೇಲೆ ಇಷ್ಟು ಸಿಟ್ಟೇಕೆ? ಅವನು ಆ ಊರು ಬಿಡಬೇಕೇ?
— ಓರ್ವ ತಾಯಿ, ಉಡುಪಿ

ಉತ್ತರ: ತಾಯೀ, ನಿಮ್ಮ ಮಗ ತೊಟ್ಟದ್ದು ಗ್ಲಾಸ್ಗೋ ನಗರದ ಸೆಲ್ಟಿಕ್ ಎಂಬ ಫುಟ್‌ಬಾಲ್ ತಂಡದ ಜೆರ್ಸಿ ಇರಬೇಕು. 1887ರಲ್ಲಿ, ಅಲ್ಲಿಗೆ ವಲಸೆ ಹೋಗಿದ್ದ ಬಡ ಐರಿಷ್ ಕೆಥೊಲಿಕರ ಊಟಕ್ಕೆ ಹಣ ಕೂಡಿಸಲೆಂದು ಒಬ್ಬ ಧಾರ್ಮಿಕ ಬ್ರದರ್ ಕಟ್ಟಿದ ತಂಡವದು. ಅದೇ ನಗರದ ರೇಂಜರ್ಸ್ ತಂಡದ ನೀಲಿಯನ್ನು ಪ್ರೊಟೆಸ್ಟೆಂಟರು ತಮ್ಮದೆಂದುಕೊಂಡರು. ನಮ್ಮ ನೆಹರೂ ಮೈದಾನದಲ್ಲಿ ಯಾವ ತಂಡದ ಜೆರ್ಸಿ ಹಾಕಿ ಓಡಿದರೂ ಯಾರೂ ಜಾತಿ ಕೇಳುವುದಿಲ್ಲ; ಉತ್ತರ ಐರ್ಲೆಂಡಿನ ಕೆಲವು ಬೀದಿಗಳಲ್ಲಿ ಮಾತ್ರ, ತೊಟ್ಟವನು ಬಾಯಿ ತೆರೆಯುವ ಮೊದಲೇ ಅವನು ಯಾವ ಕಡೆಯವನೆಂದು ಜೆರ್ಸಿ ಹೇಳಿಬಿಡುತ್ತದೆ.

ಇದು ದೇವರ ವಿಷಯದ ಜಗಳವೆಂದು ತಿಳಿಯಬೇಡಿ. ಮಂಗಳೂರಿನಲ್ಲಿ ಮಿಲಾಗ್ರಿಸ್ ಇಗರ್ಜಿಗೆ ಹೋಗುವ ಕೆಥೊಲಿಕರೂ ಬಲ್ಮಠದ ಕಡೆಯ ಪ್ರೊಟೆಸ್ಟೆಂಟರೂ ಇದ್ದಾರೆ. ಬಟ್ಟೆಯ ಬಣ್ಣ ನೋಡಿ ಅವರನ್ನು ಬೇರೆ ಮಾಡುವವರು ಇಲ್ಲಿಲ್ಲ. ಅಲ್ಲಿನ ಬೇರು ಇರುವುದು ನೆಲದಲ್ಲಿ. 1609ರಿಂದ ಮುಂದೆ ಇಂಗ್ಲೆಂಡಿನ ಅರಸೊತ್ತಿಗೆಯು ಐರ್ಲೆಂಡಿನ ಉತ್ತರದ ಅಲ್ಸ್ಟರ್ ಪ್ರಾಂತದ ಕೆಥೊಲಿಕರ ಭೂಮಿಯನ್ನು ಕಿತ್ತು ಸ್ಕಾಟ್ಲೆಂಡ್, ಇಂಗ್ಲೆಂಡ್‌ಗಳಿಂದ ಬಂದ ಪ್ರೊಟೆಸ್ಟೆಂಟರಿಗೆ ಹಂಚಿತು. 1690ರಲ್ಲಿ ಬಾಯ್ನ್ ನದಿಯ ಬಳಿ ಪ್ರೊಟೆಸ್ಟೆಂಟ್ ದೊರೆ ವಿಲಿಯಂ, ಕೆಥೊಲಿಕ್ ದೊರೆ ಎರಡನೆಯ ಜೇಮ್ಸನನ್ನು ಸೋಲಿಸಿದ. ವಿಲಿಯಂನ ಮನೆತನದ ಹೆಸರಾದ ಆರೆಂಜ್ ಎಂಬುದು ದಕ್ಷಿಣ ಫ್ರಾನ್ಸಿನ ಒಂದು ಊರಿನಿಂದ ಬಂದದ್ದು. ಹಣ್ಣಿನ ಹೆಸರೂ ಅದೇ ಆದ್ದರಿಂದ ಕಿತ್ತಳೆ ಬಣ್ಣ ಆ ಪಕ್ಷಕ್ಕೆ ಅಂಟಿಕೊಂಡಿತು. 1795ರಲ್ಲಿ ಹುಟ್ಟಿದ ಆರೆಂಜ್ ಆರ್ಡರ್ ಸಂಘದವರು ಇಂದಿಗೂ ಪ್ರತಿ ಜುಲೈ 12ರಂದು ಕಿತ್ತಳೆ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಮೆರವಣಿಗೆ ಹೋಗುತ್ತಾರೆ.

ಹಸಿರಿನ ಕತೆಯನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕೆಥೊಲಿಕರೂ ಪ್ರೊಟೆಸ್ಟೆಂಟರೂ ಒಂದಾಗಿ ಹಕ್ಕು ಕೇಳಬೇಕೆಂದು 1791ರಲ್ಲಿ ಬೆಲ್‌ಫಾಸ್ಟಿನಲ್ಲಿ ಯುನೈಟೆಡ್ ಐರಿಷ್‌ಮೆನ್ ಸಂಘವನ್ನು ಕಟ್ಟಿದವರು ಪ್ರೊಟೆಸ್ಟೆಂಟರೇ. ಅವರು ಎತ್ತಿ ಹಿಡಿದ ಬಣ್ಣವೇ ಹಸಿರು. 1848ರ ಐರಿಷ್ ತ್ರಿವರ್ಣ ಧ್ವಜದಲ್ಲಿ ಹಸಿರು, ಕಿತ್ತಳೆಗಳ ನಡುವೆ ಬಿಳಿಯನ್ನು ಇಟ್ಟದ್ದು ಇಬ್ಬರಿಗೂ ಸಂಧಿಯಾಗಲೆಂದು. ಹೀಗೆ ಕೂಡಿಸಲು ಹೊರಟ ಬಣ್ಣವೇ 1921ರಲ್ಲಿ ಐರ್ಲೆಂಡ್ ವಿಭಜನೆಯಾಗಿ ಉತ್ತರ ಭಾಗ ಬ್ರಿಟನ್ನಿನ ಜೊತೆಗೇ ಉಳಿಯುವ ಹೊತ್ತಿಗೆ ಕೆಥೊಲಿಕರ ಪಕ್ಷದ ಗುರುತಾಗಿ ಹೋಗಿತ್ತು. 1960ರ ದಶಕದ ಕೊನೆಯಿಂದ 1998ರ ಗುಡ್ ಫ್ರೈಡೇ ಶಾಂತಿ ಒಪ್ಪಂದದವರೆಗೆ ನಡೆದ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. ಅಣ್ಣನನ್ನೋ ಅಪ್ಪನನ್ನೋ ಕಳೆದುಕೊಂಡ ಮನೆಗಳು ಎರಡೂ ಕಡೆ ಇವೆ. ಫುಟ್‌ಪಾತಿನ ಅಂಚಿನ ಕಲ್ಲುಗಳಿಗೂ ಒಂದು ಕೇರಿಯಲ್ಲಿ ಬ್ರಿಟನ್ ಧ್ವಜದ ಕೆಂಪು–ಬಿಳಿ–ನೀಲಿ, ಇನ್ನೊಂದರಲ್ಲಿ ಐರಿಷ್ ಧ್ವಜದ ಹಸಿರು–ಬಿಳಿ–ಕಿತ್ತಳೆ ಬಳಿದಿರುತ್ತಾರೆ. ಅಂಥ ಕಲ್ಲುಗಳ ನಡುವೆ ಬೆಳೆದ ಹುಡುಗನೇ ಆ ಗಲ್ಲಾದಲ್ಲಿ ಕುಳಿತಿರಬಹುದು. ಅವನು ಮಾಡಿದ್ದು ಸರಿಯೆಂದು ನಾನು ಹೇಳುತ್ತಿಲ್ಲ.

ತಪ್ಪೆಂದು ಹೇಳುವ ಅಧಿಕಾರ ನಮಗೂ ಪೂರ್ತಿಯಾಗಿ ಇಲ್ಲ. 2022ರ ಆರಂಭದಲ್ಲಿ ನಿಮ್ಮ ಉಡುಪಿಯಲ್ಲಿ, ಕುಂದಾಪುರದಲ್ಲಿ ಕಾಲೇಜಿನ ಗೇಟಿನ ಮುಂದೆ ಹಿಜಾಬ್ ಮತ್ತು ಕೇಸರಿ ಶಾಲು ಎದುರುಬದುರಾದದ್ದನ್ನು ಕಂಡವರು ನಾವು. ಆ ವಾರಗಳಲ್ಲಿ ಬಸ್ಸು ಹತ್ತುವ ಮಕ್ಕಳ ಮುಖಕ್ಕಿಂತ ಮೊದಲು ಅವರ ತಲೆಯನ್ನೂ ಹೆಗಲನ್ನೂ ನೋಡುವ ಅಭ್ಯಾಸ ನನಗೇ ಬಂದುಬಿಟ್ಟಿತ್ತು. ಅದರ ನಾಚಿಕೆ ಇನ್ನೂ ಹೋಗಿಲ್ಲ.

ಊರು ಬಿಡುವ ಅಗತ್ಯ ನನಗೆ ಕಾಣುವುದಿಲ್ಲ. ಹಸಿರು ಸ್ವೆಟರನ್ನೋ ಹಸಿರು ಅಂಗಿಯನ್ನೋ ಕಂಡು ಯಾರೂ ಸಾಮಾನ್ಯವಾಗಿ ಕೆರಳುವುದಿಲ್ಲ, ಕೆರಳಿಸುವುದು ಆ ತಂಡದ ಗುರುತು. ಆದ್ದರಿಂದ ಜೆರ್ಸಿಯನ್ನು ಮನೆಯೊಳಗೆ ತೊಡಲಿ. ಪೇಟೆಗೆ, ಅದರಲ್ಲೂ ಜುಲೈ ತಿಂಗಳಲ್ಲಿ, ಬೇಡ. ಅವನ ತಪ್ಪಿಲ್ಲದಿದ್ದರೂ ಹೀಗೆ ಹೇಳಬೇಕಾಗಿರುವುದು ನನಗೆ ನೋವಿನ ಸಂಗತಿಯೇ. ಕೆಲಸದ ಜಾಗದಲ್ಲಿ ಯಾರಾದರೂ ಅವನನ್ನು ಒಂದು ಪಕ್ಷಕ್ಕೆ ಸೇರಿಸಿ ಕೀಳಾಗಿ ಕಂಡರೆ ಸುಮ್ಮನಿರಬಾರದು. ಧರ್ಮ ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಉದ್ಯೋಗದಲ್ಲಿ ಭೇದ ಮಾಡುವುದನ್ನು ಅಲ್ಲಿನ 1998ರ ಕಾನೂನು ನಿಷೇಧಿಸಿದೆ. ಮೇಲಧಿಕಾರಿಗೆ ಬರವಣಿಗೆಯಲ್ಲಿ ದೂರು ಕೊಡಲಿ.

ಹಾಲಿಗೆ ಅದೇ ಅಂಗಡಿಗೆ ಮತ್ತೆ ಹೋಗಲಿ. ಕೋಟಿನ ಜಿಪ್ ಎಳೆದುಕೋ ಎಂದ ಆ ಹೆಂಗಸು ಬೀದಿಯಲ್ಲಿ ಎಂದಾದರೂ ಎದುರಾದರೆ, ನಿಂತು ಮಾತನಾಡಿಸಿ, ಊರಿನಲ್ಲಿರುವ ಅಮ್ಮ ನಿಮ್ಮನ್ನು ನೆನೆದರೆಂದು ತಿಳಿಸಲು ಹೇಳಿ.