ಹೃದಯ ಸರಿಯಿದ್ದರೂ ಹೃದಯದ ಮಾತ್ರೆಯೇ?

ಪ್ರಶ್ನೆ: ಡಾಕ್ಟರೇ, ಬಿಸಿನೀರಿನ ಹಂಡೆ ಮಗುಚಿ ತಂಗಿಯ ಒಂಬತ್ತು ವರ್ಷದ ಮಗನಿಗೆ ಅರ್ಧ ಮೈ ಸುಟ್ಟಿದೆ. ಆಸ್ಪತ್ರೆಯಲ್ಲಿ ಪ್ರೊಪ್ರನೊಲಾಲ್ ಕೊಡುತ್ತಿದ್ದಾರೆ. ಅದು ನಮ್ಮಜ್ಜ ನುಂಗುತ್ತಿದ್ದ ಬಿ.ಪಿ. ಮಾತ್ರೆ. ಮಗುವಿಗೇಕೆ?

ಉತ್ತರ: ದೊಡ್ಡ ಸುಟ್ಟಗಾಯವಾದಾಗ ಅಡ್ರಿನಲಿನ್ ಜಾತಿಯ ಹಾರ್ಮೋನುಗಳು ರಕ್ತದಲ್ಲಿ ಹಲವು ಪಟ್ಟು ಏರುತ್ತವೆ. ಚರ್ಮ ಮುಚ್ಚಿದ ಮೇಲೂ ತಿಂಗಳುಗಟ್ಟಲೆ ಪೂರ್ತಿ ಇಳಿಯುವುದಿಲ್ಲ. ಮಲಗಿದ್ದಾಗಲೂ ನಾಡಿ ಓಡುತ್ತದೆ. ಉಂಡದ್ದು ಸಾಲದೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಉರುವಲು ಮಾಡಿಕೊಳ್ಳುತ್ತದೆ. ಎಷ್ಟು ತಿನ್ನಿಸಿದರೂ ಮಗು ಸೊರಗುವುದು ಇದಕ್ಕೇ. ಆ ಹಾರ್ಮೋನುಗಳು ಕೂರಬೇಕಾದ ಜಾಗದಲ್ಲಿ ಬೀಟಾ ಬ್ಲಾಕರ್ ಗುಂಪಿನ ಈ ಪ್ರೊಪ್ರನೊಲಾಲ್ ತಾನು ಕೂತು ಈ ಓಟವನ್ನು ತಗ್ಗಿಸುತ್ತದೆ.

ಅಮೆರಿಕದ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಶೇ. 40ಕ್ಕಿಂತ ಹೆಚ್ಚು ಸುಟ್ಟಿದ್ದ 25 ಮಕ್ಕಳ ಮೇಲೆ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಮಾತ್ರೆಯಿಲ್ಲದ ಮಕ್ಕಳು ಕೊಬ್ಬು ಬಿಟ್ಟ ಮೈತೂಕದಲ್ಲಿ ಸುಮಾರು ಶೇ. 9 ಕಳೆದುಕೊಂಡರು, ಮಾತ್ರೆ ಪಡೆದವರು ಶೇ. 1 ಮಾತ್ರ. ಅಧ್ಯಯನ ಚಿಕ್ಕದೇ, ಆದರೆ ಈ ಅಂತರ ಚಿಕ್ಕದಲ್ಲ.

ಪ್ರಮಾಣ ಎಲ್ಲರಿಗೂ ಒಂದೇ ಅಲ್ಲ. ಸಣ್ಣ ಡೋಸಿನಿಂದ ಶುರುಮಾಡಿ, ನಾಡಿ ಮೊದಲಿದ್ದುದಕ್ಕಿಂತ ಶೇ. 15ರಿಂದ 20 ಇಳಿಯುವಂತೆ ಏರಿಸುತ್ತಾರೆ. 150 ಇದ್ದದ್ದು 120ರ ಆಸುಪಾಸಿಗೆ ಬಂದರೆ ಸಾಕು. ಸುಟ್ಟ ಮೊದಲ ಒಂದೆರಡು ದಿನ, ಡ್ರಿಪ್ ಜೋರಾಗಿ ಹೋಗುತ್ತಿರುವಾಗ, ಇದನ್ನು ಕೊಡುವುದಿಲ್ಲ. ಆಗ ರಕ್ತದೊತ್ತಡ ನಿಂತಿರುವುದೇ ಹೃದಯದ ಆ ಓಟದಿಂದ.

ಮಗುವಿಗೆ ಆಸ್ತಮಾ ಇದ್ದರೆ ಮುಚ್ಚಿಡದೆ ಹೇಳಿ. ಈ ಮಾತ್ರೆ ಶ್ವಾಸನಾಳವನ್ನು ಬಿಗಿಯಬಲ್ಲದು. ಇನ್ನೊಂದು ಅಪಾಯ ಸುಲಭಕ್ಕೆ ಕಣ್ಣಿಗೆ ಬೀಳದು. ಚರ್ಮದ ಕಸಿಗೆಂದು ಪದೇ ಪದೇ ಉಪವಾಸ ಇರಿಸುವಾಗ ಸಕ್ಕರೆ ಕುಸಿಯಬಹುದು. ಕುಸಿದಾಗ ಆಗಬೇಕಾದ ನಡುಕ, ಎದೆಬಡಿತಗಳನ್ನು ಮಾತ್ರೆ ಮರೆಮಾಡುತ್ತದೆ. ಬೆವರು, ಮಂಪರು ಮಾತ್ರ ಕಾಣುತ್ತವೆ. ಸೋಂಕು ತಗಲಿದರೂ ನಾಡಿ ಅಷ್ಟಾಗಿ ಏರದು. ಹಾಗಾಗಿ ‘ನಾಡಿ ಸರಿಯಿದೆ’ ಎಂದು ನೆಮ್ಮದಿಯಾಗಬೇಡಿ. ಜ್ವರ, ಮೂತ್ರದ ಪ್ರಮಾಣ, ಗಾಯದ ವಾಸನೆಯನ್ನೂ ಗಮನಿಸಿ.

ಪ್ರಶ್ನೆ: ಮಗು ಗೆಲುವಾದರೆ ಮಾತ್ರೆ ಬಿಡಿಸಬಹುದೇ?

ಉತ್ತರ: ನೀವಾಗಿಯೇ ಬೇಡ. ಕೆಲವರಿಗೆ ವರ್ಷದವರೆಗೂ ಬೇಕಾಗುತ್ತದೆ. ಥಟ್ಟನೆ ನಿಲ್ಲಿಸಿದರೆ ನಾಡಿ, ಬಿ.ಪಿ. ಎರಡೂ ಹಾರಬಹುದು, ಡೋಸು ಹಂತಹಂತವಾಗಿ ಇಳಿಯಬೇಕು. ಒಂದು ಡೋಸು ತಪ್ಪಿತೆಂದು ಮುಂದಿನದನ್ನು ಎರಡರಷ್ಟು ಕೊಡಬೇಡಿ. ವಾಂತಿಯಾಗಿ ಏನೂ ಒಳಗೆ ನಿಲ್ಲದಿದ್ದರೆ ಮುಂದಿನ ಡೋಸಿಗೆ ಮುಂಚೆಯೇ ಆಸ್ಪತ್ರೆಗೆ ಫೋನ್ ಮಾಡಿ.